ಬರೆಯದೆ ಬಿಟ್ಟ ಸಾಲು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿನ ಗುರುಗಳು ಅಡವಿಸ್ವಾಮಿಗಳು. ಊರವರ ಬಾಯಲ್ಲಿ ಅವರು ಅಜ್ಜಾರು.

ಅಜ್ಜಾರ ಆಶ್ರಮದಲ್ಲಿ ಪೂಜೆ ಕಡಿಮೆ, ಓದು ಹೆಚ್ಚು. ಅಟ್ಟದ ಮೇಲೆ ಗೆದ್ದಲು ತಿನ್ನುತ್ತಿದ್ದ ಓಲೆಗರಿ, ನಾಟಿ ಔಷಧದ ಕೈಬರಹ, ಅಜ್ಜಿಯರ ಹಾಡಿನ ಪುಸ್ತಕ, ಯಾರು ಏನು ತಂದರೂ ಒಂದೊಂದೇ ಪುಟದ ಫೋಟೊ ತೆಗೆದು ಸರ್ವರಿನಲ್ಲಿ ಇಡುತ್ತಿದ್ದರು. ಮೂಲವನ್ನು ತಂದವರ ಕೈಗೇ ಮರಳಿಸುತ್ತಿದ್ದರು.

ಮರಳಿ ಹೋದ ಮೂಲಗಳಲ್ಲಿ ಅರ್ಧಕ್ಕರ್ಧ ಈಗ ಇಲ್ಲ. ಉಳಿದಿರುವುದು ಸರ್ವರಿನಲ್ಲಿ ಇರುವುದಷ್ಟೇ.

ಅದನ್ನು ಕಾಯುವವನು ಮಡಿವಾಳಯ್ಯ. ಹನ್ನೆರಡು ವರ್ಷದಿಂದ ಇದ್ದ ಹಿರಿಯ ಶಿಷ್ಯ.

ಕೈಯಿಂದ ಮುಟ್ಟಬಹುದಾದ ಯಂತ್ರ ಒಂದೇ. ಅದರ ಹೊಟ್ಟೆಯೊಳಗೆ ಮೂರು ವರ್ಚುವಲ್ ಸರ್ವರುಗಳು, ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಮೂವರು ಅಣ್ಣತಮ್ಮಂದಿರ ಹಾಗೆ. ಒಂದು ಫೋಟೊಗಳನ್ನು ಇಟ್ಟುಕೊಳ್ಳುವುದು. ಒಂದು ಕೇಳಿದ್ದನ್ನು ಹುಡುಕಿ ಕೊಡುವುದು. ಮೂರನೆಯದು ಚಿಕ್ಕದು, ಅದರ ಕೆಲಸ ಗಡಿಯಾರ ನೋಡುವುದಷ್ಟೇ.

ಸಂಜೆ ಆರಾಯಿತೆಂದರೆ ಗಡಿಯಾರದ ಸರ್ವರು ಎಚ್ಚರವಾಗುತ್ತಿತ್ತು. ಹೊಳೆಯಾಚೆಯ ಕಿರುಮಠದಲ್ಲಿ ಇನ್ನೊಂದು ಯಂತ್ರವಿತ್ತು. ಅದನ್ನು ಈ ದಂಡೆಯ ಯಂತ್ರದ ಪಡಿಯಚ್ಚು ಮಾಡಿಸುತ್ತಿತ್ತು. ಇಲ್ಲಿ ಸೇರಿದ್ದು ಅಲ್ಲಿಯೂ ಸೇರಬೇಕು, ಇಲ್ಲಿ ಇಲ್ಲದ್ದು ಅಲ್ಲಿಯೂ ಇರಬಾರದು. ಇದೇ ಅವರ ಬ್ಯಾಕಪ್.

ಇದೆಲ್ಲ ಕಟ್ಟಿದವನು ತಾನು ಎಂಬುದು ಮಡಿವಾಳಯ್ಯನಿಗೆ ಮರೆತು ಹೋಗುವ ಸಂಗತಿಯಾಗಿರಲಿಲ್ಲ. ಬೇರೆಯವರಿಗೂ ಮರೆಯಲು ಬಿಡುತ್ತಿರಲಿಲ್ಲ ಅನ್ನಿ.

ಹೀಗಿರುವಾಗ ಮಹಾನಂದಾ ಬಂದಳು.

ವಯಸ್ಸು ನಲವತ್ತರ ಹತ್ತಿರ. ಯಾವುದೋ ಹಾಲಿನ ಡೈರಿಯಲ್ಲಿ ಕಂಪ್ಯೂಟರ್ ನೋಡಿಕೊಂಡಿದ್ದವಳು. ಕೆಲಸ ಬಿಟ್ಟು, ಕಲಿಯಬೇಕು ಎಂದು ಬಂದಿದ್ದಳು. ಬಂದ ಮೂರನೇ ದಿನ, ಎಲ್ಲರೂ ಕೂತಿದ್ದಾಗ ಬಾಯಿ ತೆಗೆದಳು.

"ಒಂದ ಮಾತ ಕೇಳ್ಲೇನ್ರಿ ಅಜ್ಜಾರ?"

"ಕೇಳವಾ."

"ಬ್ಯಾಕಪ್ ದಿನಾ ಹೊಳಿ ದಾಟಿ ಹೋಗತೈತಿ, ಖರೆ. ತಿರುಗಿ ಬರತೈತಿ ಅಂತ ಯಾರರ ನೋಡ್ಯಾರೇನ್ರಿ?"

ಅಜ್ಜಾರು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಏ ಮಡಿವಾಳಾ, ನೋಡಿಯೇನಪಾ?"

"ನಾಕ ವರ್ಷದ ಹಿಂದ ನೋಡೇನ್ರಿ," ಎಂದ ಮಡಿವಾಳಯ್ಯ. "ಎರಡ ತಾಸಿನ ಕೆಲಸರಿ ಅದು."

ಉತ್ತರ ಕೊಟ್ಟನೇ ಹೊರತು ಅವನ ಕಿವಿಯಲ್ಲಿ ಆ ನಗುವೇ ತುಂಬಿತ್ತು. ಹನ್ನೆರಡು ವರ್ಷದಲ್ಲಿ ತನ್ನ ಯಾವ ಮಾತಿಗೂ ಅಜ್ಜಾರು ಹಾಗೆ ನಕ್ಕಿರಲಿಲ್ಲ.

ಅಂದಿನಿಂದ ಅವನ ಹೊಟ್ಟೆಯಲ್ಲಿ ಮೆಣಸಿನಕಾಯಿ ಕಿವುಚಿದ ಹಾಗಾಯಿತು.

ಊಟದ ನಂತರ ಅಜ್ಜಾರಿಗೆ ಒಂದು ಪುಟ ಓದಿ ಹೇಳುವುದು ಅವನ ಕೆಲಸವಾಗಿತ್ತು. ಒಂದು ದಿನ ಅವಳು ಓದಿದಳು. ಮರುದಿನವೂ ಅವಳೇ ಓದಿದಳು. ಮೂರನೆಯ ದಿನ ಅವನು ಪುಸ್ತಕ ಹಿಡಿದು ಮೊದಲೇ ಹೋಗಿ ಕೂತ. ಅಜ್ಜಾರು ಅಂದು ನಿದ್ದೆ ಹೋದರು.

ಅವನು ಎಣಿಸತೊಡಗಿದ. ಒಂದು ದಿನ ಅಜ್ಜಾರು "ಮಹಾನಂದಾ" ಎಂದು ಒಂಬತ್ತು ಸಲ ಕರೆದರು. "ಮಡಿವಾಳಾ" ಎಂದು ನಾಲ್ಕು ಸಲ. ಆ ನಾಲ್ಕರಲ್ಲಿ ಒಂದು ಸಲ ಕರೆದದ್ದು ಬಾಗಿಲು ಹಾಕಲಿಕ್ಕೆ.

ತಡೆಯದೆ ಒಂದು ದಿನ ಕೇಳಿಯೇಬಿಟ್ಟ.

"ಅಜ್ಜಾರ, ನಿನ್ನೆ ಮೊನ್ನೆ ಬಂದಾಕಿ ಆಕಿ. ಆಕಿಗೇನ ಗೊತ್ತೈತ್ರಿ?"

"ಗೊತ್ತಿಲ್ಲಂತನ ಕೇಳತಾಳಪಾ," ಎಂದರು ಅಜ್ಜಾರು. "ನೀ ಕೇಳೂದ ಬಿಟ್ಟು ಎಷ್ಟ ವರ್ಷಾತು?"

ಇವನಿಗೆ ಬೇಕಾಗಿದ್ದ ಉತ್ತರ ಅದಲ್ಲ.

ಆ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಶಿಷ್ಯ ತಾನು ಕಲಿತ ಪಾಠವನ್ನು ತಾನೇ ಗುರುವಿಗೆ ಒಪ್ಪಿಸುವಂತಿಲ್ಲ. ತನ್ನ ನಂತರ ಬಂದವರಿಗೆ ಕಲಿಸಬೇಕು. ಅವರು ಬಂದು ಗುರುವಿನ ಮುಂದೆ ಒಪ್ಪಿಸಬೇಕು. ಅವರು ತಡವರಿಸಿದರೆ ಎದ್ದು ನಿಲ್ಲಬೇಕಾದವನು ಕಲಿಸಿದವನು.

ಪದ್ಯಕ್ಕೆ, ಶ್ಲೋಕಕ್ಕೆ, ರೊಟ್ಟಿ ಬಡಿಯುವುದಕ್ಕೂ ಈ ಪದ್ಧತಿ ನಡೆಯುತ್ತಿತ್ತು. ಸರ್ವರಿಗೆ ಮಾತ್ರ ನಡೆದಿರಲಿಲ್ಲ. ಮಡಿವಾಳಯ್ಯ ಅದನ್ನು ಯಾರಿಗೂ ಕಲಿಸಿರಲಿಲ್ಲ.

ಒಂದು ಬುಧವಾರ ಕರೆಂಟು ಹುಚ್ಚುಚ್ಚಾಗಿ ಏರಿ ಇಳಿಯಿತು. ಕೋಣೆಯಲ್ಲಿ ಸುಟ್ಟ ವಾಸನೆ. ಮಡಿವಾಳಯ್ಯ ಓಡಿ ಹೋಗಿ ನೋಡಿದ. ಯಂತ್ರ ಸತ್ತಿತ್ತು. ಹೊಟ್ಟೆಯೊಳಗಿನ ಮೂರೂ ಅದರ ಜೊತೆಗೇ ಹೋಗಿದ್ದವು.

ಈಗ ಇಡೀ ಭಂಡಾರ ಇದ್ದದ್ದು ಹೊಳೆಯಾಚೆಯ ಒಂದೇ ಒಂದು ಯಂತ್ರದಲ್ಲಿ.

ನಾಚಿಕೆಯ ಮಾತು, ಆದರೂ ಹೇಳಬೇಕು: ಮಡಿವಾಳಯ್ಯ ಒಳಗೊಳಗೇ ಹಿಗ್ಗಿದ. ಇನ್ನು ನೋಡಲಿ, ಯಾರು ಬೇಕಾಗುತ್ತಾರೆ ಅಂತ.

"ಗಾಬರಿ ಆಗಬ್ಯಾಡ್ರಿ ಅಜ್ಜಾರ," ಎಂದ. "ಇಂಥಾ ದಿನಕ್ಕಂತನ ಹೊಸಾ ಯಂತ್ರ ತಂದಿಟ್ಟೇನಿ. ಆಚಿ ಕಡಿಂದ ಎಲ್ಲಾ ತರಿಸಿ, ಎರಡ ತಾಸಿನಾಗ ಎಬ್ಬಸ್ತೀನ್ರಿ."

"ನೀ ಬ್ಯಾಡ," ಎಂದರು ಅಜ್ಜಾರು.

"ಯಾಕ್ರೀ?"

"ಇಲ್ಲಿ ಪದ್ಧತಿ ಏನೈತಿ? ಎಬ್ಬಸಾಕಿ ಮಹಾನಂದಾ. ಏನೇನ ಮಾಡಬೇಕು ಎಲ್ಲಾ ಒಂದ ವಹಿಯೊಳಗ ಬರದ ಕೊಡು. ನಾಳೆ ನೀ ಹೊಳಿ ದಾಟಿ ಕಿರುಮಠದಾಗ ಕೂಡು."

"ಆಕಿಗೆ ತಿಳೀಲಿಲ್ಲಂದ್ರ?"

"ವಹಿ ನೋಡ್ತಾಳ."

"ವಹಿಯೊಳಗೂ ತಿಳೀಲಿಲ್ಲಂದ್ರ ನನಗ ಫೋನ್ ಮಾಡ್ಲಿ..."

"ನಿನ್ನ ಫೋನ್ ಇಲ್ಲೇ ನನ್ನ ಹಂತೇಕ ಇಟ್ಟ ಹೋಗು," ಎಂದರು ಅಜ್ಜಾರು. "ಆಕಿ ಕೇಳೂದು, ನೀ ಹೇಳೂದು ಮಾಡಿದ್ರ ವಹಿ ಯಾಕ ಬೇಕು?"

ಮಡಿವಾಳಯ್ಯ ವಹಿ ಹಿಡಿದು ಕೂತ. ದುಂಡಗಿನ ಅಕ್ಷರ ಅವನದು. ಒಂದರಿಂದ ಆರರವರೆಗೆ ಬರೆದ.

ಏಳನೆಯದು ಹೀಗೆ ಬರಬೇಕಿತ್ತು: ಗಡಿಯಾರದ ಸರ್ವರು ಚಿಕ್ಕದು, ಎಲ್ಲಕ್ಕಿಂತ ಮೊದಲು ಏಳುತ್ತದೆ, ಎದ್ದ ಕೂಡಲೆ ಅದನ್ನು ನಿಲ್ಲಿಸಬೇಕು.

ಅವನ ಪೆನ್ನು ಅಲ್ಲಿ ನಿಂತಿತು.

ಈ ಸಾಲು ಇಲ್ಲದಿದ್ದರೆ ಏನಾದೀತು? ಮಧ್ಯಾಹ್ನದೊಳಗೆ ಎಲ್ಲ ಮರಳಿ ಬಂದಿರುತ್ತದೆ. ಆರು ಗಂಟೆಗೆ ಗಡಿಯಾರದ್ದು ಎಚ್ಚರವಾಗುತ್ತದೆ. ಹಳೇ ಯಂತ್ರದ ಗುರುತು ಹೊಸದಕ್ಕೆ ತಾಳೆಯಾಗದೆ ಪರದೆ ತುಂಬ ಕೆಂಪಕ್ಷರ ಬರುತ್ತವೆ. ಅವಳು ಕಣ್ಣು ಕಣ್ಣು ಬಿಡುತ್ತಾಳೆ. ಪದ್ಧತಿಯಂತೆ ತಾನು ಎದ್ದು ನಿಲ್ಲಬೇಕಾದೀತು, ನಿಂತರಾಯಿತು. ಆಮೇಲೆ ಸರಿಮಾಡಲು ಯಾರನ್ನು ಕರೆಯುತ್ತಾರೆ? ನಿಲ್ಲುವುದು ಒಂದು ಗಳಿಗೆ, ಕೂರುವುದು ಅಜ್ಜಾರ ಪಕ್ಕದಲ್ಲಿ.

ಅವನು ಆ ಸಾಲನ್ನು ಬಿಟ್ಟ. ಎಂಟನೆಯದಕ್ಕೆ ಏಳು ಎಂದು ಅಂಕಿ ಹಾಕಿದ. ಹದಿನೆಂಟು ಇರಬೇಕಾದದ್ದು ಹದಿನೇಳಕ್ಕೆ ಮುಗಿಯಿತು. ನೋಡಿದವರಿಗೆ ಎಲ್ಲೂ ಸಂದು ಕಾಣಿಸುತ್ತಿರಲಿಲ್ಲ.

ಬೆಳಿಗ್ಗೆ ದೋಣಿ ಹತ್ತುವಾಗ ಅಜ್ಜಾರು ಕೇಳಿದರು.

"ವಹಿ ಕೊಟ್ಟಿಯೇನಪಾ?"

"ಒಂದ ಸಾಲೂ ಬಿಟ್ಟಿಲ್ರಿ ಅಜ್ಜಾರ," ಎಂದ ಮಡಿವಾಳಯ್ಯ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ. ದೋಣಿ ಹೊರಟಿತು.

ಕಿರುಮಠ ಅಂದರೆ ಒಂದು ಪಡಸಾಲೆ, ಒಂದು ಕೋಣೆ. ಕೋಣೆಯಲ್ಲಿ ಬ್ಯಾಕಪ್ ಯಂತ್ರ, ಅದರ ಮುಂದೆ ಒಂದು ಮಣೆ. ಅವನು ಕೂತ.

ಹತ್ತು ಗಂಟೆಗೆ ಪರದೆಯ ಮೇಲೆ ಹೆಸರುಗಳು ಓಡತೊಡಗಿದವು. ಮಹಾನಂದಾ ಕೆಲಸ ಶುರು ಮಾಡಿದ್ದಳು. ಒಂದೊಂದು ಪುಸ್ತಕದ ಫೋಟೊಗಳ ಕಟ್ಟಿನ ಹೆಸರು ಬರುವುದು, ಹೊಳೆ ದಾಟುವುದು.

ಹನ್ನೆರಡು ಗಂಟೆಯಾಯಿತು. ಇಷ್ಟೊತ್ತಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಅವಳೇ ಎಡವಟ್ಟು ಮಾಡಿರಬೇಕು ಎಂದುಕೊಂಡ. ಆ ಮಾತು ಅವನಿಗೆ ಬೆಲ್ಲದಷ್ಟು ರುಚಿಸಿತು.

ನಾಲ್ಕು ಗಂಟೆಯಾದರೂ ಹೆಸರುಗಳು ಅದೇ ವೇಗದಲ್ಲಿ ಓಡುತ್ತಿದ್ದವು. ಎಲ್ಲೂ ತಡೆದಿರಲಿಲ್ಲ, ಎಲ್ಲೂ ಎಡವಿರಲಿಲ್ಲ. ಮಡಿವಾಳಯ್ಯ ಎಷ್ಟು ಹೋಗಿದೆ ಎಂದು ನೋಡಿದ. ನಾಲ್ಕರಲ್ಲಿ ಒಂದು ಪಾಲೂ ಹೋಗಿರಲಿಲ್ಲ.

ಆಗ ಅವನಿಗೆ ಹೊಳೆಯಿತು. ಎರಡು ತಾಸು ಎಂದದ್ದು ನಾಲ್ಕು ವರ್ಷದ ಹಿಂದಿನ ಲೆಕ್ಕ. ಅಂದು ಇದ್ದದ್ದು ಇನ್ನೂರು ಕಟ್ಟು. ಈಗ ನಾಲ್ಕು ಸಾವಿರಕ್ಕೂ ಮಿಕ್ಕಿ. ಇದು ಎರಡು ದಿನದ ಕೆಲಸ. ಮತ್ತೆ ಒಂದು ಸಲವೂ ತಿರುಗಿ ತರಿಸಿ ನೋಡದವನಿಗೆ ಇದು ಹೇಗೆ ಗೊತ್ತಾಗಬೇಕು?

ಅದರ ಹಿಂದೆಯೇ ಇನ್ನೊಂದು ಹೊಳೆಯಿತು.

ಆರು ಗಂಟೆಗೆ ಗಡಿಯಾರದ ಸರ್ವರು ಎಚ್ಚರವಾಗುತ್ತದೆ. ಗುರುತು ತಾಳೆಯಾಗಲಿಕ್ಕಿಲ್ಲ ಎಂದುಕೊಂಡಿದ್ದ. ಯಾಕೆ ತಾಳೆಯಾಗಬಾರದು? ಹೊಸ ಯಂತ್ರಕ್ಕೆ ಹಳೆಯದರ ಹೆಸರನ್ನೇ ಇಡಬೇಕು ಎಂದು ಮೂರನೆಯ ಸಾಲಿನಲ್ಲಿ ತಾನೇ ಬರೆದು ಕೊಟ್ಟಿದ್ದ. ಆಗ ಕೆಂಪಕ್ಷರ ಬರುವುದಿಲ್ಲ. ಅದು ತನ್ನ ಎಂದಿನ ಕೆಲಸ ಮಾಡುತ್ತದೆ: ಕಿರುಮಠದ ಈ ಯಂತ್ರವನ್ನು ಆ ದಂಡೆಯ ಹೊಸ ಯಂತ್ರದ ಪಡಿಯಚ್ಚು ಮಾಡುತ್ತದೆ. ಆ ದಂಡೆಯಲ್ಲಿ ಕಾಲು ಪಾಲು ಮಾತ್ರ ಇದೆ. ಇಲ್ಲಿರುವ ಉಳಿದ ಮುಕ್ಕಾಲು ಪಾಲನ್ನು ಅದು ಅಳಿಸಿ ಹಾಕುತ್ತದೆ.

ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ಹೊರಗೆ ಬಂದು ನೋಡಿದ. ದೋಣಿ ಆಚೆ ದಂಡೆಯಲ್ಲಿ ನಿಂತಿತ್ತು. ಕೂಗಿದ. ಹೊಳೆ ತುಂಬಿ ಹರಿಯುತ್ತಿತ್ತು, ಕೂಗು ಅರ್ಧ ನೀರಿಗೂ ಮುಟ್ಟಲಿಲ್ಲ.

ಒಳಗೆ ಬಂದು ಯಂತ್ರದ ಬೆನ್ನಿಗಿದ್ದ ನೀಲಿ ಕೇಬಲ್ ಹಿಡಿದ. ಇದೊಂದನ್ನು ಕಿತ್ತರೆ ಸಾಕು. ಎರಡು ದಂಡೆಗೂ ನಂಟು ತಪ್ಪುತ್ತದೆ, ಎಲ್ಲ ಉಳಿಯುತ್ತದೆ.

ಆದರೆ ಕಿತ್ತರೆ ಕೇಳುತ್ತಾರೆ. ಆರು ಗಂಟೆಗೆ ಯಾಕೆ ಕಿತ್ತೆ? ಆರಕ್ಕೆ ಏನೋ ಆಗುತ್ತದೆ ಎಂದು ನಿನಗೆ ಹೇಗೆ ಗೊತ್ತಿತ್ತು? ಗೊತ್ತಿದ್ದರೆ ಯಾಕೆ ಬರೆಯಲಿಲ್ಲ?

ಕೈ ಬಿಟ್ಟ.

ಐದೂವರೆ ಆಯಿತು.

ಮನುಷ್ಯನ ಮನಸ್ಸು ಎಷ್ಟು ಕೆಳಗೆ ಇಳಿಯಬಲ್ಲದು ಎಂಬುದು ಅಂದು ಅವನಿಗೆ ತಿಳಿಯಿತು. ಒಂದು ಯೋಚನೆ ಮೆಲ್ಲಗೆ ಬಂದು ಪಕ್ಕದಲ್ಲೇ ಕೂತಿತು. ಹೋಗಲಿ ಬಿಡು. ಎಲ್ಲ ಹೋಗಲಿ. ಕೆಲಸದ ಮೇಲೆ ಕೈ ಇಟ್ಟವಳು ಅವಳು. ನೀನು ಹೊಳೆಯಾಚೆ ಇದ್ದೆ, ಕೈಯಲ್ಲಿ ಫೋನೂ ಇರಲಿಲ್ಲ. ಅವಳು ನಾಳೆಯೇ ಗಂಟು ಕಟ್ಟುತ್ತಾಳೆ. ಅಜ್ಜಾರಿಗೆ ಮತ್ತೆ ನೀನೊಬ್ಬನೇ.

ಅವನು ಆ ಯೋಚನೆಯನ್ನು ಎಬ್ಬಿಸಿ ಕಳಿಸಲಿಲ್ಲ. ಸ್ವಲ್ಪ ಹೊತ್ತು ಅದರ ಜೊತೆಗೇ ಕೂತ. ಸುಳ್ಳು ಯಾಕೆ ಹೇಳಬೇಕು, ಹಿತವಾಗಿತ್ತು.

ಪರದೆಯ ಮೇಲೆ ಹೆಸರುಗಳು ಓಡುತ್ತಲೇ ಇದ್ದವು. ಒಂದು ಹೆಸರು ಬಂತು: ಸೂಲಗಿತ್ತಿ ಹೊನ್ನವ್ವನ ಔಷಧದ ವಹಿ.

ಅದನ್ನು ತಂದವಳು ಹೊನ್ನವ್ವನ ಮಗಳು. ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದಳು. ನೂರ ಹತ್ತು ಪುಟ. ಮಡಿವಾಳಯ್ಯನೇ ಫೋಟೊ ತೆಗೆದದ್ದು. ಮರುವರ್ಷ ನೆರೆ ಬಂದು ಮನೆಯೂ ಹೋಯಿತು, ವಹಿಯೂ ಹೋಯಿತು. ಅಂದಿನಿಂದ ಅವಳು ವರ್ಷಕ್ಕೊಮ್ಮೆ ಬರುತ್ತಾಳೆ. ಪರದೆಯ ಮೇಲಿನ ತಾಯಿಯ ಅಕ್ಷರ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಹೋಗುವಾಗ ಪ್ರತಿ ಸಲ ಒಂದೇ ಮಾತು: "ಜ್ವಾಕಿಲೆ ಇಡ್ರಿ ಅಣ್ಣಾರ. ಇದ ಹೋದ್ರ ನಮ್ಮವ್ವ ಎರಡನೇ ಸಲ ಸತ್ತಂಗ."

ಇಂಥ ನಾಲ್ಕು ಸಾವಿರ.

ಆರಕ್ಕೆ ಐದು ನಿಮಿಷವಿತ್ತು. ಮಡಿವಾಳಯ್ಯ ನೀಲಿ ಕೇಬಲ್ ಕಿತ್ತ. ಹೆಸರುಗಳು ನಿಂತವು.

ಕೇಬಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಗೋಡೆಗೆ ಒರಗಿ ಕೂತ. ಅತ್ತ. ಉಳಿಯಿತಲ್ಲ ಎಂದು ಅತ್ತನೋ, ತನ್ನದು ಮುಗಿಯಿತಲ್ಲ ಎಂದು ಅತ್ತನೋ, ಅವನಿಗೂ ಗೊತ್ತಾಗಲಿಲ್ಲ.

ಬೆಳಗಾಯಿತು. ಮೊದಲ ದೋಣಿಯಲ್ಲಿ ಅಜ್ಜಾರು ಬಂದರು. ಬಗಲಲ್ಲಿ ವಹಿ ಇತ್ತು. ಪಡಸಾಲೆಯಲ್ಲಿ ಕೂತು ಮೊದಲು ನೀರು ಕೇಳಿ ಕುಡಿದರು.

"ನಿನ್ನೆ ಸಂಜೀಕ ಬರೂದು ನಿಂತ ಹೋತು," ಎಂದರು. "ರಾತ್ರಿಯೆಲ್ಲಾ ಏನೂ ಬರಲಿಲ್ಲ. ಈ ಕಡೆ ಕರೆಂಟ್ ಹೋಗಿತ್ತೇನಪಾ?"

ಒಂದು 'ಹೌದ್ರಿ' ಸಾಕಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ಇಲ್ರಿ," ಎಂದ ಮಡಿವಾಳಯ್ಯ. "ನಾನ ಕಿತ್ತೇನ್ರಿ."

"ಯಾಕ?"

"ವಹಿಯೊಳಗ ಒಂದ ಸಾಲ ಬಿಟ್ಟಿದ್ನಿರಿ. ಗಡಿಯಾರದ್ದನ್ನ ನಿಲ್ಲಸಬೇಕು ಅನ್ನೂದು. ಕಿತ್ತಿರಲಿಲ್ಲಂದ್ರ ಆರಕ್ಕ ಎಲ್ಲಾ ಅಳಿಸಿ ಹೋಗತಿತ್ತರಿ."

"ಮರತಿದ್ದಿಯೇನು?"

"ಇಲ್ರಿ. ಬೇಕಂತನ ಬಿಟ್ಟೇನಿ."

"ಯಾತಕ್ಕ?"

"ಆಕಿ ನಿಮ್ಮ ಮುಂದ ಸೋಲಲಿ ಅಂತರಿ."

ಅಜ್ಜಾರು ಸಿಟ್ಟು ಮಾಡಲಿಲ್ಲ. ವಹಿ ತೆರೆದು ಅವನ ಮುಂದೆ ಇಟ್ಟರು.

ಆರನೆಯ ಸಾಲಿಗೂ ಏಳನೆಯ ಸಾಲಿಗೂ ನಡುವೆ, ಇರುಕಿನಲ್ಲಿ, ಬೇರೆ ಕೈಯ ಅಕ್ಷರದಲ್ಲಿ ಒಂದು ಸಾಲು ಇತ್ತು. ಗಡಿಯಾರದ್ದು ಎದ್ದ ಕೂಡಲೆ ನಿಲ್ಲಿಸಬೇಕು.

"ಇದನ್ನ ಯಾವಾಗ ಬರದ್ಲರಿ?"

"ನಿನ್ನೆ ಮುಂಜಾನೆ. ಅದು ಎದ್ದದ್ದ ತಡ, ಮಲಗಿಸಿಬಿಟ್ಲು. ಡೈರಿಯೊಳಗ ಒಮ್ಮೆ ಹಿಂಗ ಎಲ್ಲಾ ಕಳಕೊಂಡಾಕಿ ಅಂತ ಆಕಿ. ಅದಕ್ಕ ಮೊದಲ ಅದನ್ನ ಹುಡುಕಿದ್ಲು."

"ಬಿಟ್ಟಾರ ಅಂತ ನಿಮಗ ಹೇಳಿದ್ಲೇನ್ರಿ?"

"ಅಣ್ಣಾರು ಅವಸರದಾಗ ಮರತಾರ ಅಂದ್ಲು."

"ನೀವು ನಂಬಿದ್ರೇನ್ರಿ?"

"ಹನ್ನೆರಡ ವರ್ಷ ನಿನ್ನ ಅಕ್ಷರ ಓದೇನಿ ಮಡಿವಾಳಾ. ಅವಸರ ಮಾಡಿದಾಂವನ ಅಕ್ಷರ ಇಷ್ಟ ದುಂಡಗ ಇರೂದಿಲ್ಲ."

ಮಡಿವಾಳಯ್ಯ ತಲೆ ತಗ್ಗಿಸಿದ. ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲಿ ಹಳೇ ಕಿಚ್ಚು ಇನ್ನೂ ಆರಿರಲಿಲ್ಲ. ಅವಳು ಕೆಲಸದಲ್ಲೂ ಮುಂದೆ, ದೊಡ್ಡತನದಲ್ಲೂ ಮುಂದೆ. ತಾನು ಪಟ್ಟ ಸಂಕಟಕ್ಕೆ, ಕಿತ್ತ ಕೇಬಲಿಗೆ, ಒಂದು ಬೆಲೆಯೂ ಉಳಿಯದ ಹಾಗೆ ಮಾಡಿಟ್ಟಿದ್ದಾಳೆ. ಕಿತ್ತದ್ದರಿಂದ ಆದದ್ದು ಒಂದು ರಾತ್ರಿಯ ಕೆಲಸ ಕೆಟ್ಟದ್ದಷ್ಟೇ.

"ಹಂಗಾರ ನಾ ಕಿತ್ತದ್ದೂ ದಂಡ ಆತರಿ," ಎಂದ. "ಆಕಿ ಇದ್ದ ಮ್ಯಾಲೆ ನಾನೂ ದಂಡರಿ ಅಜ್ಜಾರ. ನನ್ನ ಕಳಿಸಿಬಿಡ್ರಿ."

ಅಜ್ಜಾರು ಅವನ ಮುಷ್ಟಿ ಬಿಡಿಸಿ ನೀಲಿ ಕೇಬಲ್ ತೆಗೆದುಕೊಂಡರು. ಮೆಲ್ಲಗೆ ಎದ್ದು ಕೋಣೆಗೆ ಹೋಗಿ, ಕಣ್ಣು ಕಿರಿದು ಮಾಡಿ ಹುಡುಕಿ, ಯಂತ್ರದ ಬೆನ್ನಿಗೆ ಅದನ್ನು ಮತ್ತೆ ಸಿಕ್ಕಿಸಿದರು. ಹೆಸರುಗಳು ಓಡತೊಡಗಿದವು.

"ಹನ್ನೆರಡ ವರ್ಷ ಬ್ಯಾಕಪ್ ಕೆಲಸ ಮಾಡಿದಾಂವ ನೀನು," ಎಂದರು. "ಒಂದ ಇದ್ದ ಮ್ಯಾಲೆ ಇನ್ನೊಂದ ದಂಡ ಅಂತ ನಿನಗ ಯಾರ ಕಲಿಸಿದ್ರೋ?"